ಬೂಟ್‌ಕ್ಯಾಂಪ್‌ಗೆ ಫೀ ಕಟ್ಟುವ ಮುಂಚೆ ಮೂರು ತಿಂಗಳು ಹೀಗೆ ಮಾಡಿ

ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ನಾನು ಆರು ವರ್ಷ ಲೆಕ್ಕ ಬರೆದೆ. ಟ್ಯಾಲಿ, ಎಕ್ಸೆಲ್, ಲಾರಿ ಬಂದಾಗ ತೂಕದ ಚೀಟಿ. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಊರಿಗೆ ಬಂದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ, "ಅಣ್ಣ, ನಾನೂ ಬೂಟ್‌ಕ್ಯಾಂಪ್ ಸೇರಲಾ?" ಬೂಟ್‌ಕ್ಯಾಂಪ್ ಅಂದ್ರೆ ಕೆಲವೇ ತಿಂಗಳಲ್ಲಿ ಕೋಡಿಂಗ್, ಅಂದರೆ ಸಾಫ್ಟ್‌ವೇರ್ ಬರೆಯುವುದನ್ನು ಕಲಿಸುವ ಕೋರ್ಸ್. ಸೇರಿ, ಬೇಡ ಅನ್ನಲ್ಲ. ಆದರೆ ದುಡ್ಡು ಕಟ್ಟುವ ಮುಂಚಿನ ಮೂರು ತಿಂಗಳೇ ನಿಜವಾಗಿ ಮುಖ್ಯ.

ಮೊದಲು, ಇರುವ ಕೆಲಸ ಬಿಡಬೇಡಿ. ದಿನಾ ಒಂದೂವರೆ ಗಂಟೆ ಸಾಕು, ತಪ್ಪಿಸಬಾರದು ಅಷ್ಟೇ. ಸುಗ್ಗಿ ಬಂತು ಅಂದ್ರೆ ಮಿಲ್‌ನಿಂದ ಮನೆಗೆ ಬರುವಷ್ಟರಲ್ಲಿ ರಾತ್ರಿ ಹತ್ತಾಗುತ್ತಿತ್ತು, ತಲೆ ಓಡುತ್ತಿರಲಿಲ್ಲ, ಹಾಗಾಗಿ ನಾನು ಬೆಳಗ್ಗೆ ಐದಕ್ಕೆ ಏಳುವುದು ರೂಢಿ ಮಾಡಿಕೊಂಡೆ. ಫ್ರೀಕೋಡ್‌ಕ್ಯಾಂಪ್ ಅನ್ನುವ ವೆಬ್‌ಸೈಟಿನಲ್ಲಿ ವೆಬ್ ಪುಟ ಮಾಡುವ ಭಾಷೆಗಳಾದ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಒಂದಾದ ಮೇಲೊಂದು ಕಲಿಯಬಹುದು, ಒಂದು ರೂಪಾಯಿ ಖರ್ಚಿಲ್ಲ. ಹಾರ್ವರ್ಡ್‌ನ ಸಿಎಸ್50 ಅನ್ನುವ ಆನ್‌ಲೈನ್ ಕೋರ್ಸ್ ಕೂಡ ಉಚಿತ, ಸ್ವಲ್ಪ ಕಷ್ಟ, ಆದರೆ ಕಂಪ್ಯೂಟರ್ ಒಳಗೆ ಏನು ನಡೆಯುತ್ತದೆ ಅನ್ನುವುದನ್ನು ಅಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಲ್ಯಾಪ್‌ಟಾಪ್ ಹೊಸದೇ ಬೇಕಿಲ್ಲ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರುವ ಸೆಕೆಂಡ್ ಹ್ಯಾಂಡ್ ಸಾಕು. ಮೊಬೈಲ್‌ನಲ್ಲಿ ವಿಡಿಯೋ ನೋಡಿದ್ರೆ ಕೋಡಿಂಗ್ ಬರಲ್ಲ, ಬೆರಳು ಕೀಬೋರ್ಡ್ ಮೇಲೆ ಆಡಬೇಕು.

ಕನ್ನಡ ಮೀಡಿಯಂ ಅಂತ ಹೆದರುವವರು ಬಹಳ ಜನ. ನಾನೂ ಹೆದರಿದ್ದೆ. ಎರರ್ ಬಂದಾಗ ಪರದೆ ಮೇಲೆ ಬರುವ ಇಂಗ್ಲಿಷ್ ಪದಗಳು ತಿರುಗಿ ತಿರುಗಿ ಅವೇ ಬರುತ್ತವೆ. ಒಂದು ನೋಟ್‌ಬುಕ್ ಇಟ್ಟುಕೊಂಡು ಪದ, ಅದರ ಅರ್ಥ, ಆ ಎರರ್ ಯಾಕೆ ಬಂತು ಅಂತ ಕನ್ನಡದಲ್ಲೇ ಬರೆಯಿರಿ. ಎರಡು ತಿಂಗಳಾಗುವಷ್ಟರಲ್ಲಿ ಆ ಹೆದರಿಕೆ ಹೋಗಿರುತ್ತದೆ.

ಎರಡನೇ ತಿಂಗಳಿಂದ ನಿಮ್ಮ ಕೆಲಸದ್ದೇ ಒಂದು ಸಣ್ಣ ಪ್ರೋಗ್ರಾಮ್ ಬರೆಯಲು ಶುರು ಮಾಡಿ. ಎಲ್ಲರೂ ಮಾಡುವ ಕ್ಯಾಲ್ಕುಲೇಟರ್, ಹವಾಮಾನದ ಆ್ಯಪ್ ಬೇಡ. ನೀವು ಬಳ್ಳಾರಿಯ ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿದ್ದರೆ ಪೀಸ್ ಲೆಕ್ಕದ ಕೂಲಿಯ ಪ್ರೋಗ್ರಾಮ್ ಮಾಡಿ. ತೋರಣಗಲ್ಲಿನ ಸ್ಟೀಲ್ ಪ್ಲಾಂಟ್‌ನಲ್ಲಿ ಶಿಫ್ಟ್ ಮಾಡುತ್ತಿದ್ದರೆ ಶಿಫ್ಟ್ ರಿಜಿಸ್ಟರ್ ಮಾಡಿ.

ನಾನು ಮಾಡಿದ್ದು ತೂಕದ ಚೀಟಿ. ನಮ್ಮ ಕಡೆ ಭತ್ತದ ರೇಟು 75 ಕೆಜಿ ಚೀಲದ ಲೆಕ್ಕದಲ್ಲಿ ಅಲ್ವಾ? ಬೆಳಗಿನ ಲಾರಿಯಲ್ಲಿ 120 ಚೀಲ, ಸಂಜೆಯದರಲ್ಲಿ 80 ಅಂತ ಎರಡು ಡಬ್ಬಿಯಲ್ಲಿ ಟೈಪ್ ಮಾಡಿದೆ. 200 ಚೀಲ, 15,000 ಕೆಜಿ ಬರಬೇಕು. ಬಂದದ್ದು 9,06,000 ಕೆಜಿ! ವಿಚಿತ್ರ ಅಂದ್ರೆ ತುಂಬಿದ ಲಾರಿಯ ತೂಕದಲ್ಲಿ ಖಾಲಿ ಲಾರಿಯ ತೂಕ ಕಳೆಯುವ ಲೆಕ್ಕ ಮಾತ್ರ ಸರಿಯಾಗಿತ್ತು. ಎರಡು ದಿನ ಅದರ ಹಿಂದೆಯೇ ಬಿದ್ದೆ. ಕೊನೆಗೆ ಪ್ರತಿ ಸಾಲಿನ ಕೆಳಗೆ, ಅಲ್ಲಿಯವರೆಗಿನ ಲೆಕ್ಕ ತೋರಿಸುವ ಕನ್ಸೋಲ್ ಲಾಗ್ ಹಾಕಿ ನೋಡಿದೆ, ಒಟ್ಟು ಚೀಲ 12080 ಅಂತಿತ್ತು. ಡಬ್ಬಿಯಲ್ಲಿ ಟೈಪ್ ಮಾಡಿದ್ದು ಜಾವಾಸ್ಕ್ರಿಪ್ಟ್‌ಗೆ ಸಂಖ್ಯೆಯಾಗಿ ಅಲ್ಲ, ಅಕ್ಷರವಾಗಿ ಸಿಗುತ್ತದೆ. ಅಕ್ಷರಗಳ ಮಧ್ಯೆ ಪ್ಲಸ್ ಹಾಕಿದರೆ 120ರ ಪಕ್ಕದಲ್ಲಿ 80 ಅಂಟಿಸುತ್ತದೆ, ಮೈನಸ್ ಹಾಕಿದರೆ ತಾನೇ ಸಂಖ್ಯೆ ಮಾಡಿಕೊಂಡು ಕಳೆಯುತ್ತದೆ. ಟೈಪ್ ಮಾಡಿದ್ದನ್ನು ಸಂಖ್ಯೆ ಮಾಡಿಕೊಡುವ ನಂಬರ್ ಅನ್ನುವ ಒಂದು ಫಂಕ್ಷನ್ ಬಳಸಿದೆ, ಸರಿಹೋಯಿತು. ಆ ಎರಡು ದಿನದಲ್ಲಿ ಕಲಿತಷ್ಟು ಇಪ್ಪತ್ತು ವಿಡಿಯೋದಲ್ಲಿ ಕಲಿತಿರಲಿಲ್ಲ. ಇಂಥ ತಪ್ಪು ಹುಡುಕುವಾಗ ನಿಮಗೆ ಖುಷಿ ಆಗುತ್ತಾ, ಇಲ್ಲ ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋಗಬೇಕು ಅನ್ನಿಸುತ್ತಾ, ಗಮನಿಸಿ. ದಿನಾ ಎದ್ದು ಹೋಗಬೇಕು ಅನ್ನಿಸಿದರೆ ಫೀ ಕಟ್ಟಬೇಡಿ. ಬರೆದದ್ದನ್ನೆಲ್ಲ ಗಿಟ್‌ಹಬ್‌ಗೆ, ಅಂದರೆ ಕೋಡ್ ಇಟ್ಟು ಬೇರೆಯವರಿಗೂ ತೋರಿಸಬಹುದಾದ ವೆಬ್‌ಸೈಟಿಗೆ, ಹಾಕುತ್ತಾ ಬನ್ನಿ.

ಈಗ ಬೂಟ್‌ಕ್ಯಾಂಪ್ ವಿಷಯ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಇರುತ್ತದೆ. ಪಾಠ ಲೈವಾ, ರೆಕಾರ್ಡ್ ಮಾಡಿದ್ದಾ, ನಿಮ್ಮ ಕೋಡನ್ನು ಯಾರು ಓದಿ ತಪ್ಪು ಹೇಳುತ್ತಾರೆ, ಇದನ್ನು ಕೇಳಿ. ಹಳೆ ಬ್ಯಾಚಿನ ಇಬ್ಬರನ್ನು ನೀವೇ ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಮಾತಾಡಿ, ಬೂಟ್‌ಕ್ಯಾಂಪ್‌ನವರು ಕೊಟ್ಟ ಫೋನ್ ನಂಬರ್ ಬೇಡ. "ಇವತ್ತೇ ಕಟ್ಟಿದರೆ ಅರ್ಧ ಫೀ" ಅಂತ ಫೋನ್ ಬಂದರೆ ಇವತ್ತು ಕಟ್ಟಬೇಡಿ.

ಸಾಲದ ಬಗ್ಗೆ ಕೈಮುಗಿದು ಹೇಳುತ್ತೇನೆ, ಕಾಗದ ಓದಿ. ಸಿಂಧನೂರಿನ ನನ್ನ ಗೆಳೆಯ ಒಂದು ಕಡೆ ಸೇರಿ, ಪಾಠ ಹಿಡಿಸದೆ ಎರಡನೇ ತಿಂಗಳೇ ಬಿಟ್ಟ. ಇಎಂಐ ಬಿಡಲಿಲ್ಲ. "ಕಂತಿನಲ್ಲಿ ಫೀ" ಅಂತ ಅವನು ಅಂದುಕೊಂಡದ್ದು ಬೇರೊಂದು ಫೈನಾನ್ಸ್ ಕಂಪನಿ ಅವನ ಹೆಸರಲ್ಲಿ ಕೊಟ್ಟ ಸಾಲ. ಕ್ಲಾಸ್ ಬಿಟ್ಟರೂ ಸಾಲ ನಿಲ್ಲಲ್ಲ, ಕಟ್ಟದಿದ್ದರೆ ಸಿಬಿಲ್ ಸ್ಕೋರ್ ಬೀಳುತ್ತದೆ, ನಾಳೆ ಮನೆ ಕಟ್ಟಲು ಬ್ಯಾಂಕಿಗೆ ಹೋದಾಗ ಅದೇ ಅಡ್ಡ ಬರುತ್ತದೆ. ಆ್ಯಪ್ ಮೂಲಕ ಸಾಲ ಕೊಡುವವರು ಬಡ್ಡಿ, ಇತರ ಖರ್ಚು ಎಲ್ಲ ಸೇರಿಸಿದ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೊಡಬೇಕು ಅಂತ 2022ರಲ್ಲೇ ಆರ್‌ಬಿಐ ನಿಯಮ ತಂದಿದೆ, ಕೇಳಿ ಪಡೆಯಿರಿ. ಕೆಲಸ ಸಿಕ್ಕ ಮೇಲೆ ಸಂಬಳದಲ್ಲಿ ಪಾಲು ಕೊಡುವ ಒಪ್ಪಂದವಾದರೆ ಎಷ್ಟು ಸಂಬಳದಿಂದ ಶುರು, ಎಷ್ಟು ತಿಂಗಳು, ಒಟ್ಟು ಎಷ್ಟಕ್ಕೆ ನಿಲ್ಲುತ್ತದೆ, ಸಾಫ್ಟ್‌ವೇರ್ ಅಲ್ಲದ ಕೆಲಸ ಸಿಕ್ಕರೂ ಕೊಡಬೇಕಾ ಅಂತ ಬರಹದಲ್ಲಿ ತೆಗೆದುಕೊಳ್ಳಿ.

ಬೂಟ್‌ಕ್ಯಾಂಪ್ ಮುಗಿದ ಮರುದಿನವೇ ಕೆಲಸ ಸಿಗಲ್ಲ. ಆರು ತಿಂಗಳ ಮನೆ ಖರ್ಚು ಕೈಯಲ್ಲಿರಲಿ. ನನ್ನದು ಬಿಕಾಂ, ಬಿಇ ಇಲ್ಲ ಅಂತ ಕೆಲವರು ಅರ್ಜಿಯನ್ನೇ ನೋಡಲಿಲ್ಲ. ಹಾಗಾಗಿ ಬಿಲ್ಲಿಂಗ್, ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿಗಳಿಗೆ ಬರೆದೆ, ಅಲ್ಲಿ ಜಿಎಸ್‌ಟಿ ಗೊತ್ತಿರುವ ಹುಡುಗರು ಬೇಕಿತ್ತು. ಬಳ್ಳಾರಿಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಗ್ಗೆ ಬೆಂಗಳೂರಿನಲ್ಲಿ ಇಳಿದು ಇಂಟರ್‌ವ್ಯೂಗೆ ಹೋದೆ. ಅಲ್ಲಿದ್ದವರು ಗಿಟ್‌ಹಬ್ ತೆರೆದು, "ಇದ್ಯಾಕೆ ಇಲ್ಲಿ ಖಾಲಿ ಚೀಲದ ತೂಕ ಬೇರೆ ಕಳೆದಿದ್ದೀರಿ?" ಅಂತ ಕೇಳಿದರು. ಅರ್ಧ ಗಂಟೆ ಭತ್ತದ ತೂಕದ ಬಗ್ಗೆಯೇ ಮಾತಾಡಿದೆವು, 12080ರ ಕಥೆಯನ್ನೂ ಹೇಳಿದೆ. ಮುಂದಿನ ಸೋಮವಾರ ಅವರಿಂದ ಫೋನ್ ಬಂತು.