ಹಳೆಯ ಕಂಪ್ಯೂಟರಿಗೆ ಹೊಸ ಹಾರ್ಡ್ ಡಿಸ್ಕ್: ನನ್ನ ಅನುಭವ

ತಂದೆಯವರು ಬಿಟ್ಟುಹೋದ ತಾಳಮದ್ದಳೆಯ ಕ್ಯಾಸೆಟ್ಟುಗಳು ಬದಿಯಡ್ಕದ ಸಮೀಪದ ನಮ್ಮ ಮನೆಯ ಅಟ್ಟದಲ್ಲಿ ಮುನ್ನೂರರಷ್ಟಿದ್ದವು. ಶಾಲೆಯ ಕೆಲಸದಿಂದ ನಿವೃತ್ತನಾದ ಮೇಲೆ ಅವುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿಕೊಳ್ಳಲು ಆರಂಭಿಸಿದೆ. 90 ನಿಮಿಷದ ಕ್ಯಾಸೆಟ್ಟೊಂದನ್ನು 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಇಳಿಸಿದರೆ ಅದು ಸುಮಾರು 3.1 ಜಿಬಿ ಜಾಗ ಹಿಡಿಯುತ್ತದೆ. ಕ್ಯಾಸೆಟ್ಟಿನಲ್ಲಿರುವ ಧ್ವನಿಗೆ ಇಷ್ಟು ದೊಡ್ಡ ಲೆಕ್ಕ ಬೇಕಿಲ್ಲವೆಂದು ತಿಳಿದವರು ಹೇಳುವುದು ನಿಜವೇ ಆಗಿದ್ದರೂ, ಆ ಟೇಪು ಇನ್ನೊಮ್ಮೆ ಓಡುತ್ತದೆಯೋ ಇಲ್ಲವೋ ಎಂಬ ಅಂಜಿಕೆಯಿಂದ ನಾನು ಹಟ ಬಿಡಲಿಲ್ಲ. ಅದರ ಫಲವಾಗಿ 140ನೆಯ ಕ್ಯಾಸೆಟ್ಟಿಗೆ ಬರುವಾಗ 500 ಜಿಬಿಯ ಹಾರ್ಡ್ ಡಿಸ್ಕ್ ತುಂಬಿಹೋಯಿತು. ಉಳಿದ ಕ್ಯಾಸೆಟ್ಟುಗಳಲ್ಲದೆ, ಗಂಟೆಗೆ 13 ಜಿಬಿಯಂತೆ ಜಾಗ ತಿನ್ನುವ ಅರುವತ್ತು ಮಿನಿ ಡಿವಿ ಎಂಬ ವಿಡಿಯೋ ಟೇಪುಗಳೂ ಸರದಿಯಲ್ಲಿದ್ದವು. ಸದ್ದು ಶುದ್ಧಗೊಳಿಸಿದ ಪ್ರತಿಗಳಿಗೆ ಬೇರೆಯೇ ಸ್ಥಳ ಬೇಕಿತ್ತು. ಹಾಗಾಗಿ 4 ಟಿಬಿಯ ಡಿಸ್ಕನ್ನು ತಂದು ನಾನೇ ಜೋಡಿಸುವುದೆಂದು ನಿಶ್ಚಯಿಸಿದೆ.

ನನ್ನದು 2014ರಲ್ಲಿ ಅಸೆಂಬಲ್ ಮಾಡಿಸಿದ ಯಂತ್ರ. ಎಚ್81 ಚಿಪ್‌ಸೆಟ್ಟಿನ ಮದರ್‌ಬೋರ್ಡಿನಲ್ಲಿ ಡಿಸ್ಕುಗಳನ್ನು ಜೋಡಿಸುವ ನಾಲ್ಕು ಸಾಟಾ ಪೋರ್ಟುಗಳಿದ್ದು, ಎರಡು ಸೆಕೆಂಡಿಗೆ 6 ಗಿಗಾಬಿಟ್‌ನವು, ಇನ್ನೆರಡು 3 ಗಿಗಾಬಿಟ್‌ನವು. ವೇಗದ ಪೋರ್ಟು ಸಿಗದಿದ್ದರೆ ಹೊಸ ಡಿಸ್ಕ್ ವ್ಯರ್ಥವಾದೀತೆಂದು ಮೊದಲು ಚಿಂತಿಸಿದ್ದೆ. ಆದರೆ 3 ಗಿಗಾಬಿಟ್ ಎಂದರೂ ಸೆಕೆಂಡಿಗೆ ಹತ್ತಿರ ಹತ್ತಿರ 300 ಎಂಬಿ ಸಾಗಿಸುವ ದಾರಿ. ನಾನು ಕೊಳ್ಳಲಿದ್ದಂತಹ, ನಿಮಿಷಕ್ಕೆ 5400 ಸುತ್ತು ತಿರುಗುವ ಡಿಸ್ಕು 200 ಎಂಬಿಯನ್ನು ಮುಟ್ಟುವುದೇ ಅಪರೂಪ. ಆದ್ದರಿಂದ ವೇಗದ ಪೋರ್ಟನ್ನು, ವಿಂಡೋಸ್ ಇರುವ, ತಿರುಗುವ ಭಾಗಗಳಿಲ್ಲದ ಡಿಸ್ಕಾದ ಎಸ್‌ಎಸ್‌ಡಿಗೇ ಬಿಟ್ಟೆ.

ಕೊಳ್ಳುವಾಗ ವಿಚಾರಿಸಿದ ಇನ್ನೊಂದು ಸಂಗತಿ ಎಸ್‌ಎಂಆರ್ ಎಂಬ ವಿಧಾನ. ನಮ್ಮ ಮನೆಯ ಮಾಡಿಗೆ ಹೊದೆಸಿದ ಮಂಗಳೂರು ಹೆಂಚಿನ ಹಾಗೆ, ಇದರಲ್ಲಿ ಮಾಹಿತಿ ಬರೆಯುವ ಒಂದು ಜಾಡಿನ ಅಂಚಿನ ಮೇಲೆ ಮುಂದಿನ ಜಾಡು ಕೂರುತ್ತದೆ. ಜಾಗ ಉಳಿಯುತ್ತದೆ, ನಿಜ. ಆದರೆ ನಡುವಿನ ಒಂದು ಹೆಂಚನ್ನು ಬದಲಿಸಬೇಕಾದರೆ ಮೇಲಿನವುಗಳನ್ನೂ ಸರಿಸಬೇಕಾಗುವಂತೆ, ಬರೆದದ್ದನ್ನು ತಿದ್ದಿ ಮತ್ತೆ ಬರೆಯುವಾಗ ಡಿಸ್ಕು ತಡವರಿಸುತ್ತದೆ. ಒಮ್ಮೆ ಬರೆದು ವರ್ಷಗಟ್ಟಲೆ ಓದುವ ನನ್ನ ಕೆಲಸಕ್ಕೆ ಅದರಿಂದ ಬಾಧಕವಿಲ್ಲವೆಂದು ಕಂಡುಬಂದುದರಿಂದ ಕಡಿಮೆ ಬೆಲೆಯದನ್ನೇ ಆರಿಸಿದೆ.

ಮಂಗಳೂರಿನ ಅಂಗಡಿಯಿಂದ ಡಿಸ್ಕನ್ನು ತರುವಾಗ ಅದನ್ನು ಬಸ್ಸಿನ ಮೇಲಿನ ಕಟ್ಟೆಯಲ್ಲಿ ಇಡದೆ, ಹೆದ್ದಾರಿ ಅಗಲಗೊಳಿಸುವ ಕಾಮಗಾರಿಯ ಹೊಂಡಗಳನ್ನೆಲ್ಲ ದಾಟಿ ಕುಂಬಳೆ ತಲಪುವವರೆಗೆ ತೊಡೆಯ ಮೇಲೆಯೇ ಇರಿಸಿಕೊಂಡಿದ್ದೆ. ಮನೆಗೆ ಬಂದ ಕೂಡಲೇ ಪೊಟ್ಟಣ ಬಿಚ್ಚಲಿಲ್ಲ. ಹವಾನಿಯಂತ್ರಿತ ಅಂಗಡಿಯಿಂದ ಬಂದ ತಣ್ಣನೆಯ ಲೋಹದ ಮೇಲೆ ನಮ್ಮ ಊರಿನ ಒದ್ದೆ ಗಾಳಿ ಹನಿಗಟ್ಟುವುದುಂಟು. ಅದು ತುಲಾ ತಿಂಗಳು, ಸಂಜೆಯಾದರೆ ಗುಡುಗು ಮಳೆ. ಒಂದು ರಾತ್ರಿ ಅದು ಪೊಟ್ಟಣದಲ್ಲೇ ಕೋಣೆಯ ಹದಕ್ಕೆ ಬರಲೆಂದು ಬಿಟ್ಟೆ.

ಮರುದಿನ ಕ್ಯಾಬಿನೆಟ್ಟಿನ ಹಿಂಬದಿಯನ್ನು ಮುಟ್ಟಿದಾಗ ಬೆರಳಿಗೆ ಜುಮ್ಮೆಂದಿತು. ಈ ಜುಮ್ಮೆನ್ನುವಿಕೆ ಹಲವು ವರ್ಷಗಳಿಂದ ಇದ್ದದ್ದೇ, ಬರಿಗಾಲಲ್ಲಿ ಕಾವಿಯ ನೆಲದ ಮೇಲೆ ನಿಂತಾಗ ಮಾತ್ರ ತಿಳಿಯುತ್ತಿತ್ತು. ಅದನ್ನು ಕಂಪ್ಯೂಟರಿನ ಸ್ವಭಾವವೆಂದೇ ಭಾವಿಸಿದ್ದೆ. ಹೊಸ ಡಿಸ್ಕ್ ಇಡುವ ಮೊದಲು ಒಮ್ಮೆ ನೋಡಿಸೋಣವೆಂದು ನೆರೆಮನೆಯ ಎಲೆಕ್ಟ್ರಿಷಿಯನ್ ಹುಡುಗನನ್ನು ಕರೆದೆ. ಅವನು ಟೆಸ್ಟರ್ ಹಿಡಿದು ನೋಡಿ, "ಮಾಷ್ಟ್ರೇ, ಇದು ಕಂಪ್ಯೂಟರಿನ ದೋಷ ಅಲ್ಲ. ನಿಮ್ಮ ಈ ಪ್ಲಗ್ಗಿಗೆ ಅರ್ತೇ ಇಲ್ಲ" ಎಂದ. ಕಂಪ್ಯೂಟರಿಗೆ ವಿದ್ಯುತ್ತು ಒದಗಿಸುವ ಎಸ್‌ಎಂಪಿಎಸ್ ಎಂಬ ಘಟಕದ ಒಳಗೆ ವಿದ್ಯುತ್ತಿನ ಕಲಬೆರಕೆಯನ್ನು ಸೋಸುವುದಕ್ಕಾಗಿ ಲೈನಿನಿಂದಲೂ ನ್ಯೂಟ್ರಲಿನಿಂದಲೂ ಲೋಹದ ಪೆಟ್ಟಿಗೆಗೆ ಸಣ್ಣ ಕೆಪಾಸಿಟರುಗಳನ್ನು ಜೋಡಿಸಿರುತ್ತಾರೆ. ಅರ್ತ್ ಇದ್ದಾಗ ಅವುಗಳ ಮೂಲಕ ಸೋರುವ ಅಲ್ಪ ವಿದ್ಯುತ್ತು ನೆಲಕ್ಕೆ ಇಳಿಯುತ್ತದೆ. ಇಲ್ಲದಿದ್ದಾಗ ಇಡೀ ಕ್ಯಾಬಿನೆಟ್ಟು ಅರ್ಧ ವೋಲ್ಟೇಜಿನಲ್ಲಿ ತೂಗಾಡುತ್ತಿರುತ್ತದೆ. ಮುರಕಲ್ಲಿನ ನಮ್ಮ ಅಂಗಳದಲ್ಲಿದ್ದ ಹಳೆಯ ಅರ್ತ್ ಗುಂಡಿ ಒಣಗಿಹೋಗಿತ್ತು, ಸಾಲದ್ದಕ್ಕೆ ತಂತಿಯೂ ತುಕ್ಕು ಹಿಡಿದು ತುಂಡಾಗಿತ್ತು. ಅದನ್ನು ಸರಿಪಡಿಸಲು ಒಂದು ದಿನ ಹಿಡಿಯಿತು. ಡಿಸ್ಕ್ ಜೋಡಣೆಯ ಮೊದಲ ದಿನ ಹೀಗೆ ಗುದ್ದಲಿ ಕೆಲಸದಲ್ಲಿ ಕಳೆಯಿತು.

ಪ್ಲಗ್ಗನ್ನು ಕಿತ್ತು, ಪವರ್ ಬಟನ್ನನ್ನು ಒಮ್ಮೆ ಒತ್ತಿ ಒಳಗೆ ಉಳಿದ ವಿದ್ಯುತ್ತನ್ನು ಖಾಲಿ ಮಾಡಿ, ಡಬ್ಬವನ್ನು ಜಗಲಿಗೆ ಒಯ್ದು ಪಕ್ಕದ ತಗಡು ತೆಗೆದೆ. ಧೂಳಿನ ಜೊತೆಗೆ ಎರಡು ಹಲ್ಲಿಮೊಟ್ಟೆಯ ಸಿಪ್ಪೆಗಳೂ ಸಿಕ್ಕವು. ಬ್ಲೋವರ್ ಹಿಡಿಯುವಾಗ ಫ್ಯಾನುಗಳ ರೆಕ್ಕೆಯನ್ನು ಬೆರಳಿನಿಂದ ತಡೆದು ಹಿಡಿದಿದ್ದೆ, ಏಕೆಂದರೆ ಗಾಳಿಗೆ ಅತಿವೇಗದಲ್ಲಿ ತಿರುಗಿದರೆ ಅವುಗಳ ಬೇರಿಂಗು ಹಾಳಾಗುತ್ತದೆ.

ನನ್ನ ಎಸ್‌ಎಂಪಿಎಸ್‌ನಲ್ಲಿ ಸಾಟಾ ಪವರ್ ತುದಿಗಳು ಮೂರೇ. ಎಸ್‌ಎಸ್‌ಡಿ, ಹಳೆಯ ಡಿಸ್ಕ್, ಡಿವಿಡಿ ರೈಟರ್ ಮೂರನ್ನೂ ಹಿಡಿದಿದ್ದವು. ಹಳೆಯ ಮಾದರಿಯ ದಪ್ಪ ನಾಲ್ಕು ಪಿನ್ನಿನ ತುದಿ ಒಂದು ಖಾಲಿಯಿದ್ದು, ಅದಕ್ಕೆ ಸಿಕ್ಕಿಸುವ ಅಗ್ಗದ ಅಡಾಪ್ಟರು ಅಂಗಡಿಯಲ್ಲಿ ಸಿಗುತ್ತಿತ್ತು. ಆದರೆ ತಂತಿಗಳ ಮೇಲೆ ಪ್ಲಾಸ್ಟಿಕ್ಕನ್ನು ಎರಕ ಹೊಯ್ದು ಮಾಡಿದ ಅಡಾಪ್ಟರುಗಳಲ್ಲಿ ಒಳಗಿನ ತಂತಿಗಳು ಸರಿದು ಒಂದಕ್ಕೊಂದು ತಾಗಿ, ಸುಟ್ಟು ಬೆಂಕಿ ಹತ್ತಿದ ಉದಾಹರಣೆಗಳಿವೆ. ತಿರುಗಲು ಆರಂಭಿಸುವ ಕೆಲವು ಕ್ಷಣ ಡಿಸ್ಕು 12 ವೋಲ್ಟಿನ ತಂತಿಯಿಂದ 2 ಆಂಪಿಯರಿನಷ್ಟು ಎಳೆಯುತ್ತದೆ. ಅಂತಹ ಹೊರೆಯನ್ನು ನಂಬಿಕೆಯಿಲ್ಲದ ಜೋಡಣೆಯ ಮೇಲೆ ಹೊರಿಸಲು ನನಗೆ ಮನಸ್ಸಾಗಲಿಲ್ಲ. ಎರಡು ವರ್ಷಗಳಿಂದ ಬಾಯಿ ತೆರೆಯದ ಡಿವಿಡಿ ರೈಟರಿನ ಪವರನ್ನೇ ಕಿತ್ತು ಹೊಸ ಡಿಸ್ಕಿಗೆ ಕೊಟ್ಟೆ.

ಸ್ಕ್ರೂಗಳದ್ದು ಬೇರೆಯೇ ಕಥೆ. ಮಾತ್ರೆಯ ಖಾಲಿ ಡಬ್ಬಿಯಲ್ಲಿ ಕೂಡಿಟ್ಟಿದ್ದ ಸ್ಕ್ರೂಗಳಲ್ಲಿ ನಾಲ್ಕನ್ನು ಆರಿಸಿ ಮೊದಲನೆಯದನ್ನು ತಿರುಗಿಸಿದರೆ ಅದು ಹಿಡಿತವೇ ಇಲ್ಲದೆ ಸುಮ್ಮನೆ ಒಳಗೆ ಜಾರಿತು. ಡಿವಿಡಿ ರೈಟರಿಗೂ ಎರಡೂವರೆ ಇಂಚಿನ ಡಿಸ್ಕಿಗೂ ಬಳಸುವುದು ಎಂ3 ಎಂಬ ಸಪೂರ, ಒತ್ತೊತ್ತು ಎಳೆಯ ಸ್ಕ್ರೂ. ಮೂರೂವರೆ ಇಂಚಿನ ಡಿಸ್ಕಿಗೆ ಬೇಕಾದದ್ದು 6-32 ಎಂಬ, ಎಳೆಗಳು ದೂರ ದೂರ ಇರುವ ತುಸು ದಪ್ಪದ್ದು. ಎರಡನ್ನೂ ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಸರಿಯಾದ ಸ್ಕ್ರೂ ಮೊದಲ ಎರಡು ಸುತ್ತು ಬೆರಳಿನಲ್ಲೇ ಹೋಗಿ, ಆಮೇಲೆ ಸ್ಟಾರ್ ಸ್ಕ್ರೂಡ್ರೈವರನ್ನು ಕೇಳುತ್ತದೆ. ಎರಡೂ ಪಕ್ಕಕ್ಕೆ ಎರಡೆರಡು ಹಾಕಿದೆ. ಒಂದೇ ಪಕ್ಕಕ್ಕೆ ಬಿಗಿದರೆ ಡಿಸ್ಕಿನ ಕಂಪನಕ್ಕೆ ಇಡೀ ತಗಡು ಗುಂಯ್‌ಗುಡುತ್ತದೆ. ಹಳೆಯ ಡಿಸ್ಕಿಗೂ ಹೊಸದಕ್ಕೂ ನಡುವೆ ಗಾಳಿಯಾಡಲು ಒಂದು ಖಾನೆ ಖಾಲಿ ಬಿಟ್ಟೆ. ಡಿಸ್ಕಿನ ಮೈಮೇಲಿನ ಸಣ್ಣ ರಂಧ್ರವನ್ನು ಮುಚ್ಚಬಾರದೆಂದು ಅದರ ಮೇಲೆಯೇ ಬರೆದಿರುತ್ತದೆ. ಒಳಗಿನ ಗಾಳಿಯ ಒತ್ತಡ ಹೊರಗಿನದಕ್ಕೆ ಸರಿಯಾಗಿರಲೆಂದು ಇಟ್ಟ ಉಸಿರುಗಂಡಿ ಅದು. ಆ ಗಾಳಿಯ ಪದರದ ಮೇಲೆಯೇ ಓದುವ ತಲೆ ತೇಲುತ್ತಿರುತ್ತದೆ.

ಬಿಡಿಯಾಗಿ ಕೊಂಡ ಡಿಸ್ಕಿನ ಜೊತೆಗೆ ಡೇಟಾ ಕೇಬಲು ಬರುವುದಿಲ್ಲವೆಂಬುದು ಆಗ ನೆನಪಾಯಿತು. ಡಿವಿಡಿ ರೈಟರಿನ ಕೆಂಪು ಕೇಬಲನ್ನೇ ಬಳಸಿದೆ. ಏಳು ಪಿನ್ನಿನ ಡೇಟಾ ತುದಿಯೂ ಹದಿನೈದು ಪಿನ್ನಿನ ಪವರ್ ತುದಿಯೂ ಮೂಲೆಯಲ್ಲಿ ಬಾಗಿದ ಆಕಾರದವಾದ್ದರಿಂದ ತಿರುವುಮುರುವಾಗಿ ಕೂರುವ ಭಯವಿಲ್ಲ. ಜಂಪರ್ ಇಟ್ಟು ಮಾಸ್ಟರ್, ಸ್ಲೇವ್ ಎಂದು ಹಂಚಬೇಕಾಗಿದ್ದ ಅಗಲ ಪಟ್ಟಿಯ ಕೇಬಲಿನ ಕಾಲವನ್ನು ಕಂಡ ನನಗೆ ಇದು ಮಕ್ಕಳಾಟವೆನಿಸಿತು. ಆ ಹಗುರ ಭಾವನೆಯೇ ಮುಂದೆ ತೊಂದರೆ ಕೊಟ್ಟಿತು.

ಯಂತ್ರವನ್ನು ಚಾಲೂ ಮಾಡಿದಾಗ ಕಪ್ಪು ಪರದೆಯ ಮೇಲೆ, ಸರಿಯಾದ ಬೂಟ್ ಸಾಧನವನ್ನು ಆರಿಸಿಕೊಳ್ಳಿ ಎಂಬರ್ಥದ ಒಂದು ಸಾಲು ಮಾತ್ರ ಬಂತು. ಕ್ಷಣಕಾಲ ಎದೆ ಧಸಕ್ಕೆಂದಿತು. ಡಿಲೀಟ್ ಕೀ ಒತ್ತಿ ವಿಂಡೋಸ್ ತೆರೆಯುವ ಮೊದಲಿನ ಸೆಟ್ಟಿಂಗುಗಳಿರುವ ಬಯಾಸಿನ ಒಳಗೆ ಹೋಗಿ ನೋಡಿದರೆ ಹೊಸ ಖಾಲಿ ಡಿಸ್ಕು ಬೂಟ್ ಸಾಲಿನ ಮೊದಲನೆಯ ಸ್ಥಾನದಲ್ಲಿ ಕುಳಿತಿತ್ತು. ಎಸ್‌ಎಸ್‌ಡಿಯನ್ನು ಮೇಲಕ್ಕೆ ತಂದು ಉಳಿಸಿದಾಗ ವಿಂಡೋಸ್ ತೆರೆದುಕೊಂಡಿತು.

ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದ ಕೂಡಲೇ ಹೊಸ ಡಿಸ್ಕನ್ನು ಎಂಬಿಆರ್ ಮಾಡಬೇಕೋ ಜಿಪಿಟಿ ಮಾಡಬೇಕೋ ಎಂಬ ಪ್ರಶ್ನೆ ಬಂತು. ಡಿಸ್ಕಿನ ಜಾಗವನ್ನು ವಿಂಗಡಿಸಿ ಗುರುತಿಡುವ ಎರಡು ಪದ್ಧತಿಗಳು ಅವು. ಹಳೆಯದು ಎಂಬಿಆರ್ ಆಗಿದ್ದುದರಿಂದ ಇದೂ ಹಾಗೆಯೇ ಇರಲೆಂದು ಒತ್ತಿದೆ. ಫಲವಾಗಿ 2048 ಜಿಬಿ ಮಾತ್ರ ಬಳಕೆಗೆ ಸಿಕ್ಕಿ, ಉಳಿದ 1678 ಜಿಬಿ ಯಾವ ಆಯ್ಕೆಗೂ ಒಗ್ಗದೆ ಪಕ್ಕದಲ್ಲಿ ಬಿದ್ದುಕೊಂಡಿತು. ಎಂಬಿಆರ್ ಪದ್ಧತಿ ಸೆಕ್ಟರುಗಳನ್ನು, ಎಂದರೆ ಡಿಸ್ಕಿನ ಸಣ್ಣ ತುಂಡುಗಳನ್ನು, 32 ಬಿಟ್ಟಿನ ಸಂಖ್ಯೆಯಲ್ಲಿ ಎಣಿಸುವುದರಿಂದ, 512 ಬೈಟಿನ ಸೆಕ್ಟರಿನ ಲೆಕ್ಕದಲ್ಲಿ 2 ಟಿಬಿ ದಾಟಿದ್ದು ಅದಕ್ಕೆ ಕಾಣುವುದೇ ಇಲ್ಲ. ಬೆಂಗಳೂರಿನಲ್ಲಿರುವ ಅಳಿಯನಿಗೆ ಫೋನು ಮಾಡಿದೆ. "ಮಾವ, ಅದರಲ್ಲಿ ಇನ್ನೂ ಏನೂ ಹಾಕಿಲ್ಲ ಅಲ್ಲವಾ? ವಾಲ್ಯೂಮ್ ಅಳಿಸಿ ಜಿಪಿಟಿಗೆ ಬದಲಿಸಿ. ಆದರೆ ಡಿಸ್ಕ್ 1ಕ್ಕೋ 2ಕ್ಕೋ ಮಾಡುವುದು ಎಂದು ಮೊದಲು ಗಾತ್ರ ನೋಡಿ ಖಚಿತ ಮಾಡಿಕೊಳ್ಳಿ" ಎಂದ. ಈ ಎಚ್ಚರಿಕೆ ಬೇಕಾಗಿಯೇ ಇತ್ತು. ನನ್ನ ಮೌಸು ಆಗ 140 ಕ್ಯಾಸೆಟ್ಟುಗಳಿದ್ದ ಹಳೆಯ ಡಿಸ್ಕಿನ ಸಾಲಿನ ಮೇಲಿತ್ತು. ಕೊನೆಗೆ 4 ಟಿಬಿ ಡಿಸ್ಕು 3.63 ಟಿಬಿ ಎಂದು ತೋರಿತು. ಇದರಲ್ಲಿ ಮೋಸವಿಲ್ಲ, ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ.

ಕ್ಷಿಪ್ರ ಫಾರ್ಮ್ಯಾಟ್ ಸಾಕಿದ್ದರೂ, ಡಿಸ್ಕಿನ ಪ್ರತಿಯೊಂದು ಮೂಲೆಯನ್ನೂ ಒಮ್ಮೆ ಬರೆದು ನೋಡಲೆಂದು ಪೂರ್ಣ ಫಾರ್ಮ್ಯಾಟಿಗೆ ಹಾಕಿದೆ. ನಡುರಾತ್ರಿ ಗುಡುಗಿನೊಂದಿಗೆ ಕರೆಂಟು ಹೋಗಿ, ಯುಪಿಎಸ್ ಕಾಲು ಗಂಟೆ ಕೂಗಿ ಸುಮ್ಮನಾಯಿತು. ಮರುದಿನ ಬೆಳಗ್ಗೆ ಮೊದಲಿನಿಂದ ಆರಂಭಿಸಿ ಮುಗಿಸುವಾಗ ಒಂಬತ್ತು ಗಂಟೆ ಸಂದಿತ್ತು.

ನಿಜವಾದ ಪರೀಕ್ಷೆ ನಕಲು ಮಾಡುವಾಗ ಬಂತು. ಮೊದಲ ನಲವತ್ತು ಜಿಬಿ ಸರಾಗವಾಗಿ ಹೋಗಿ, ಆಮೇಲೆ ಯಂತ್ರ ಆಗಾಗ ಉಸಿರು ಕಟ್ಟಿದಂತೆ ನಿಲ್ಲತೊಡಗಿತು. ಒಮ್ಮೆ ಡಿಸ್ಕೇ ಮಾಯವಾಯಿತು. ಡಿಸ್ಕಿನಲ್ಲಿ ದೋಷವಿದೆ, ವಾಪಸು ತನ್ನಿ ಎಂದು ಅಂಗಡಿಯವರು ಫೋನಿನಲ್ಲಿ ಹೇಳಿದರು. ಮತ್ತೆ ಮಂಗಳೂರಿಗೆ ಹೋಗುವ ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಡಿಸ್ಕು ತನ್ನ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ದಾಖಲೆಯನ್ನು ತೆರೆದೆ. ಹಾಳಾದ ಸೆಕ್ಟರುಗಳನ್ನು ಬದಲಿಸಿದ ಲೆಕ್ಕ ಹೇಳುವ 05, ಅನುಮಾನದ ಸೆಕ್ಟರುಗಳ ಲೆಕ್ಕ ಹೇಳುವ ಸಿ5, ಎರಡೂ ಸೊನ್ನೆ. ಸಿ7 ಎಂಬ ಸಾಲಿನಲ್ಲಿ ಮಾತ್ರ 1ಎ ಎಂದಿತ್ತು. ಅದು ಹದಿನಾರರ ಲೆಕ್ಕದ ಸಂಖ್ಯೆ. ನಮ್ಮ ಲೆಕ್ಕಕ್ಕೆ 26. ಡಿಸ್ಕಿಗೂ ಬೋರ್ಡಿಗೂ ನಡುವೆ ಸಾಗುವಾಗ ಕೆಟ್ಟುಹೋದ ಮಾಹಿತಿಯ ಎಣಿಕೆ ಅದು. ಎಂದರೆ ಡಿಸ್ಕಿನೊಳಗೆ ಮಾಹಿತಿ ಕೂರುವ ಫಲಕಗಳು ಸರಿಯಿವೆ, ದಾರಿ ಸರಿಯಿಲ್ಲ.

ಪಕ್ಕದ ತಗಡು ತೆಗೆದಿಟ್ಟು ಇಪ್ಪತ್ತು ಜಿಬಿ ಕಳುಹಿಸಿದೆ, ಸಂಖ್ಯೆ ಕದಲಲಿಲ್ಲ. ತಗಡು ಮುಚ್ಚಿ ಅಷ್ಟನ್ನೇ ಕಳುಹಿಸಿದಾಗ 2ಎಫ್ ಆಯಿತು, ಅಂದರೆ 47. ಟಾರ್ಚು ಹಿಡಿದು ನೋಡಿದರೆ, ನೇರ ತುದಿಯ ಆ ಹಳೆಯ ಕೇಬಲು ಡಿಸ್ಕಿನ ಹಿಂದೆ ಹೊರಚಾಚಿಕೊಂಡಿದ್ದು, ತಗಡು ಅದನ್ನು ಉಗುರಿನಷ್ಟು ಜಾಗದಲ್ಲಿ ಮಡಚಿ ಒತ್ತುತ್ತಿತ್ತು. ತುದಿಯಲ್ಲಿ ಕಚ್ಚಿ ಹಿಡಿಯುವ ಲೋಹದ ಕೊಂಡಿಯೂ ಇರಲಿಲ್ಲವಾದ್ದರಿಂದ ಅದು ಒಂದು ಬದಿಗೆ ಕೂದಲೆಳೆಯಷ್ಟು ಎದ್ದಿತ್ತು. ಕಾಸರಗೋಡು ಪೇಟೆಯಿಂದ ನೂರು ರೂಪಾಯಿಯೊಳಗೆ, ಕೊಂಡಿಯಿರುವ, ತುದಿ ಅಡ್ಡಕ್ಕೆ ತಿರುಗಿದ ಕೇಬಲನ್ನು ತಂದು ಹಾಕಿದೆ. ಕೂರುವಾಗ ಟಿಕ್ ಎಂಬ ಸದ್ದು ಕೇಳಿತು. ಹಳೆಯದು ಕೂರುವಾಗ ಆ ಸದ್ದು ಇರಲಿಲ್ಲವೆಂಬುದು ಆಗ ಹೊಳೆಯಿತು.

ಉಳಿದದ್ದೆಲ್ಲ ಒಂದೂವರೆ ಗಂಟೆಯಲ್ಲಿ ನಕಲಾಯಿತು. ಅಳಿಯ ಬರೆದುಕೊಟ್ಟ ಸಣ್ಣ ಆದೇಶದ ಫೈಲಿನಿಂದ ಎರಡೂ ಡಿಸ್ಕುಗಳಲ್ಲಿದ್ದ ಪ್ರತಿಯೊಂದು ಫೈಲಿನ ಹ್ಯಾಶನ್ನು, ಎಂದರೆ ಅದರೊಳಗಿನ ಮಾಹಿತಿಯಿಂದ ಲೆಕ್ಕಹಾಕಿದ ಗುರುತನ್ನು, ತೆಗೆದು ತಾಳೆ ನೋಡಿ, ಎಲ್ಲವೂ ಹೊಂದಿದ ಮೇಲೆಯೇ ಹಳೆಯ ಡಿಸ್ಕನ್ನು ಹೊರತೆಗೆದು ಪುತ್ತೂರಿನ ತಂಗಿಯ ಮನೆಯ ಕಪಾಟಿನಲ್ಲಿ ಇರಿಸಿ ಬಂದೆ. ಸಿ7ರ ಸಂಖ್ಯೆ ಒಮ್ಮೆ ಏರಿದರೆ ಇಳಿಯುವುದಿಲ್ಲ. ನನ್ನದು 2ಎಫ್‌ನಲ್ಲೇ ನಿಂತಿದೆ. ತಿಂಗಳ ಮೊದಲ ದಿನ ಅದನ್ನೊಮ್ಮೆ ನೋಡಿ, ಕ್ಯಾಸೆಟ್ಟುಗಳ ಪಟ್ಟಿಯ ಅಂಚಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಪಟ್ಟಿ ಈಗ 187ಕ್ಕೆ ಬಂದಿದೆ.