ಕ್ವಾರ್ಟರ್‌ಬ್ಯಾಕ್‌ನ ಕಣ್ಣು ಬಿಟ್ಟು ಕೈ ನೋಡಿದೆ

ಡಲ್ಲಾಸ್‌ನ ಹೊರವಲಯದ ವಾರಾಂತ್ಯದ ಲೀಗಿನಲ್ಲಿ, ಐವರ ಫ್ಲ್ಯಾಗ್ ಫುಟ್‌ಬಾಲ್ (ಎದುರಾಳಿಯನ್ನು ಕೆಡವುವ ಬದಲು ಸೊಂಟದ ಪಟ್ಟಿ ಕೀಳುವ ಅಮೆರಿಕನ್ ಫುಟ್‌ಬಾಲ್) ತಂಡಕ್ಕೆ ನಾನು 6 ವರ್ಷಗಳಿಂದ ಸೇಫ್ಟಿಯಾಗಿ, ಅಂದರೆ ಎಲ್ಲರಿಗಿಂತ ಹಿಂದೆ ನಿಂತು ಕಾಯುವವನಾಗಿ ಆಡುತ್ತಿದ್ದೇನೆ. ಮೊದಲ 4 ವರ್ಷಗಳಲ್ಲಿ ನನಗೆ ದಕ್ಕಿದ ಇಂಟರ್‌ಸೆಪ್ಷನ್‌ಗಳು, ಅಂದರೆ ಎದುರಾಳಿಯ ಎಸೆತವನ್ನು ನಾನೇ ಹಿಡಿದ ಸಲಗಳು, 3 ಅಥವಾ 4. ಕಳೆದ 2 ವರ್ಷಗಳಲ್ಲಿ 17ರ ಆಸುಪಾಸು. ನಮ್ಮ ಲೀಗಿನಲ್ಲಿ ನನ್ನ ವಯಸ್ಸಿನ ಬೇರೆ ಯಾರೂ ಅಷ್ಟು ಹಿಡಿದಿಲ್ಲ.

ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಕಣ್ಣನ್ನು ಓದು ಎಂದೇ ಎಲ್ಲರೂ ಹೇಳಿದ್ದರು. ಒಂದು ಸೆಮಿಫೈನಲ್‌ನಲ್ಲಿ ಎದುರಾಳಿ ಕ್ವಾರ್ಟರ್‌ಬ್ಯಾಕ್ ಎಡ ಮೂಲೆಯನ್ನೇ ದಿಟ್ಟಿಸಿದ, ನಾನು ಆ ಕಡೆ 3 ಹೆಜ್ಜೆ ಸರಿದೆ, ಚೆಂಡು ಬಲಗಡೆಯ ಪೋಸ್ಟ್‌ಗೆ (ಬದಿಯಿಂದ ನಡುವಿನತ್ತ ಓರೆಯಾಗಿ ಓಡುವವನಿಗೆ) ಹೋಯಿತು. ದ್ವಿತೀಯಾರ್ಧದಲ್ಲಿ ಅವನೇ ಪಂಪ್ ಫೇಕ್ ಮಾಡಿ, ಅಂದರೆ ಎಸೆದಂತೆ ನಟಿಸಿ, ಮತ್ತೊಂದು ಟಚ್‌ಡೌನ್ ಗಳಿಸಿದ. ಆ ಚಳಿಗಾಲದಲ್ಲಿ ದೀಪ ಬೆಳಗಿದೊಡನೆ ಮುಟ್ಟುವ ತರಬೇತಿ ಸಾಧನಕ್ಕೆ ಸುಮಾರು 350 ಡಾಲರ್, ಖಾಸಗಿ ತರಬೇತಿಗೆ ಗಂಟೆಗೆ 60ರಂತೆ 8 ಗಂಟೆಯ ಹಣ ಸುರಿದೆ. ದೀಪಕ್ಕೆ ಭುಜವೂ ಇಲ್ಲ, ಸೊಂಟವೂ ಇಲ್ಲ; ಆ ಹಣ ಪೂರ್ತಿ ವ್ಯರ್ಥವಾಯಿತು.

ಕೊನೆಗೆ ಫಲ ಕೊಟ್ಟದ್ದು ಬಣ್ಣ ಬಳಿಯುವವರ ಉದ್ದನೆಯ ಕೋಲಿಗೆ ಕಟ್ಟಿದ ಹಳೆಯ ಫೋನು. ಅದನ್ನು ಮೈದಾನದ ತುದಿಯ ಅಂಕಣವಾದ ಎಂಡ್ ಝೋನ್‌ನ ಹಿಂದೆ ನಿಲ್ಲಿಸಿ, ಸೆಕೆಂಡಿಗೆ 240 ಚೌಕಟ್ಟುಗಳಲ್ಲಿ 300ರಷ್ಟು ಎಸೆತಗಳನ್ನು ಚಿತ್ರೀಕರಿಸಿ, ಒಂದೊಂದನ್ನೂ ಪುಸ್ತಕದಲ್ಲಿ ಬರೆದುಕೊಂಡೆ. ಬಲಗೈ ಎಸೆತಗಾರನ ಎಡಗೈ ಚೆಂಡನ್ನು ಬಿಟ್ಟ ಮೇಲೆ ಚೆಂಡು ಹೊರಡಲು 80–90 ಚೌಕಟ್ಟುಗಳು, ಅಂದರೆ ಸೆಕೆಂಡಿನ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಕಾಲ ಬೇಕು. ನನಗೆ ಅದು ಒಂದೂವರೆ ಹೆಜ್ಜೆಯ ಲಾಭ. ಪಂಪ್ ಫೇಕ್‌ನಲ್ಲಿ ನಮ್ಮ ಲೀಗಿನ ಬಹುಪಾಲು ಜನ ಎಡಗೈಯನ್ನು ಬಿಡುವುದೇ ಇಲ್ಲ. ದಿಕ್ಕನ್ನು ಮುಂಗಾಲಿನ ತುದಿ ಹೇಳುತ್ತದೆ, ಏಕೆಂದರೆ ಅದಕ್ಕೆ ಅಡ್ಡಲಾಗಿ ಎಸೆದರೆ ಚೆಂಡಿಗೆ ಬಲವಿರುವುದಿಲ್ಲ.

ಮಂಡ್ಯದ ಶಾಲೆಯಲ್ಲಿ ಕಬಡ್ಡಿ ಆಡುವಾಗ, ರೈಡರ್‌ನ ಕೈ ನೋಡಬೇಡ, ಸೊಂಟ ನೋಡು ಎಂದು ಮೇಷ್ಟ್ರು ಹೇಳಿದ್ದು, ಅಂದರೆ ಮೋಸ ಮಾಡುವ ಅಂಗ ಬಿಟ್ಟು ಮೋಸ ಮಾಡಲಾಗದ್ದನ್ನು ನೋಡಬೇಕೆಂಬ ಇದೇ ಪಾಠ, ಇಷ್ಟು ತಡವಾಗಿ ನೆನಪಾದುದಕ್ಕೆ ನನಗೆ ಇಂದಿಗೂ ಬೇಸರವಿದೆ.

ಕೈ ನೋಡುತ್ತ ನಿಂತರೆ ಚೆಂಡು ಹಿಡಿಯಲು ಓಡುವ ರಿಸೀವರ್ ಕೈತಪ್ಪುತ್ತಾನೆ ಎನ್ನುತ್ತ ನಮ್ಮ ನಾಯಕರು ಇದನ್ನು ಒಪ್ಪಲಿಲ್ಲ. ಒಬ್ಬೊಬ್ಬರು ಒಬ್ಬೊಬ್ಬ ರಿಸೀವರ್‌ನ ಬೆನ್ನು ಹತ್ತುವ ಮ್ಯಾನ್ ಕವರೇಜ್‌ನಲ್ಲಿ ಅವರ ಮಾತು ನಿಜ. ಆಟಗಾರನ ಬದಲು ಜಾಗವನ್ನು ಕಾಯುವ ಝೋನ್ ಕವರೇಜ್‌ನಲ್ಲಿ ಮಾತ್ರ ನಾನು ಇದನ್ನು ಬಳಸುತ್ತೇನೆ. ಅವರನ್ನು ಒಪ್ಪಿಸಲು ಟಿವಿ ಪರದೆಯಲ್ಲಿ ಎಸೆತಗಾರನ ತಲೆ ಬರುವ ಎತ್ತರಕ್ಕೆ ಕಾಗದದ ಪಟ್ಟಿ ಅಂಟಿಸಿ, ಚೆಂಡು ಹೊರಡುವ ಮುನ್ನ ಚಿತ್ರ ನಿಲ್ಲಿಸಲು ಹೆಂಡತಿಗೆ ಹೇಳಿದೆ. ತಲೆ ಕಂಡಾಗ 40ರಲ್ಲಿ 22 ಎಸೆತಗಳ ದಿಕ್ಕನ್ನು ಸರಿಯಾಗಿ ಹೇಳಿದ್ದೆ, ಮುಚ್ಚಿದಾಗ 31.

ಎಡಗೈ ಎಸೆತಗಾರರೆದುರು ಮೊದಲ ತಿಂಗಳು ತಪ್ಪು ಕೈಯನ್ನೇ ನೋಡಿದೆ. ಓಡುತ್ತ ಎಸೆಯುವವರ ಮುಂದೆ ಪಾದದ ಲೆಕ್ಕ ಕೆಡುತ್ತದೆ. ಅಲ್ಲಿ ಮುಂಭುಜವೇ ಗತಿ. ವೃತ್ತಿಜೀವನದಲ್ಲಿ 64 ಇಂಟರ್‌ಸೆಪ್ಷನ್ ಪಡೆದ, ಅಮೆರಿಕದ ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನ ಸೇಫ್ಟಿ ಎಡ್ ರೀಡ್ ತಪ್ಪು ಜಾಗದಲ್ಲಿ ನಿಂತಂತೆ ತೋರಿಸಿ ಎಸೆತವನ್ನು ಆಹ್ವಾನಿಸುತ್ತಿದ್ದರು. ನನ್ನದೂ ಅಂಥದೊಂದು ನಿಲುವಿದೆ, ಆದರೆ ಲೀಗು ನಡೆಯುತ್ತಿರುವಾಗ ಅದನ್ನು ಬರೆಯಲಾರೆ.

ಸೆಮಿಫೈನಲ್‌ನ ಅದೇ ಎಸೆತಗಾರನಿಂದ ಕಳೆದ ಅಕ್ಟೋಬರ್‌ನಲ್ಲಿ 2 ಚೆಂಡುಗಳನ್ನು ಕಸಿದೆ. ಈಗ ಆತ ಸುಮ್ಮನೆ ಎಡಗೈ ಬಿಟ್ಟು ಮತ್ತೆ ಹಿಡಿಯುವುದನ್ನು ಕಲಿತಿದ್ದಾನೆ. ಅವನ ಮುಂಗಾಲು ಊರುವ ತನಕ ನಾನು ಕದಲುವುದಿಲ್ಲ.