ಕಾರುಗಳ ಸಾಲಿನಲ್ಲಿ ವಾಕಿಟಾಕಿ: ಗುಂಡಿ ಒತ್ತಿ, ಸ್ವಲ್ಪ ತಡೆದು ಮಾತಾಡಿ

ಐದಾರು ಕಾರು ಸೇರಿ ಕಲಬುರಗಿಯಿಂದ ಬೀದರ್ ಕೋಟೆ ನೋಡಲು ಹೊರಟರೆ ಗುಂಪು ಒಡೆಯುವುದು ಹೆಚ್ಚಾಗಿ ಹುಮನಾಬಾದ್‌ನಲ್ಲೇ. ಮುಂದಿನವರು ಬೀದರ್ ಕಡೆ ತಿರುಗಿರುತ್ತಾರೆ, ಹಿಂದಿನ ಕಾರು ಲಾರಿ ಮರೆಯಲ್ಲಿ ಸಿಕ್ಕಿಕೊಂಡು ಹೈದರಾಬಾದ್ ಹೆದ್ದಾರಿ ಹಿಡಿದುಬಿಡುತ್ತದೆ. ಆಮೇಲೆ ಫೋನ್ ಮೇಲೆ ಫೋನ್. ಒಬ್ಬರದು ಎಂಗೇಜ್, ಇನ್ನೊಬ್ಬರಿಗೆ ಸಿಗ್ನಲ್ ಇಲ್ಲ. ಇಂಥ ಹೊತ್ತಿಗೆ ವಾಕಿಟಾಕಿಯಂಥ ಉಪಕಾರಿ ಸಾಮಾನು ಬೇರೆ ಇಲ್ಲ. ಆದರೆ ಅದನ್ನು ಕೊಂಡು, ಬಳಸಲು ಬಾರದೆ, ಅರ್ಧ ದಾರಿಯಲ್ಲೇ ಡಿಕ್ಕಿಗೆ ಎಸೆದವರನ್ನು ತುಂಬಾ ನೋಡಿದ್ದೇನೆ.

ಮೊದಲು ಕೊಳ್ಳುವ ವಿಚಾರ. ನಮ್ಮ ದೇಶದಲ್ಲಿ 446.0ರಿಂದ 446.2 ಮೆಗಾಹರ್ಟ್ಸ್ ಒಳಗೆ ಕೆಲಸ ಮಾಡುವ ಕಡಿಮೆ ಶಕ್ತಿಯ ಸೆಟ್‌ಗಳಿಗೆ ಲೈಸೆನ್ಸ್ ಬೇಡ. 2018ರ ನಿಯಮ ಈ ವಿನಾಯಿತಿ ಕೊಟ್ಟಿದೆ. ಸೆಟ್‌ಗೆ ಇಟಿಎ, ಅಂದರೆ ಆ ಮಾದರಿಗೆ ಸರ್ಕಾರ ಕೊಡುವ ಮಂಜೂರಾತಿ, ಇದೆಯಾ ಎಂದು ಕೇಳಿ, ಇಲ್ಲದಿದ್ದರೆ ಬಿಟ್ಟುಬಿಡಿ. ಕಡಿಮೆ ಬೆಲೆಗೆ ಸಿಗುವ, ಯಾವ ಫ್ರೀಕ್ವೆನ್ಸಿಗೆ ಬೇಕಾದರೂ ತಿರುಗಿಸಬಹುದಾದ 5 ವಾಟ್ ಸೆಟ್‌ಗಳ ಆಸೆಗೆ ಬೀಳಬೇಡಿ. ಅವಕ್ಕೆ ಲೈಸೆನ್ಸ್ ಬೇಕು, ಅದಿಲ್ಲದೆ ಬಳಸುವುದು ಅಪರಾಧ. ಆನ್‌ಲೈನ್‌ನಲ್ಲಿ ಹೀಗೆ ಮಾರುವುದನ್ನು ತಡೆಯಲು 2025ರಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿಯನ್ನೇ ತಂದಿದೆ. ಇನ್ನು ಡಬ್ಬದ ಮೇಲೆ ಬರೆದ ಹತ್ತು ಕಿಲೋಮೀಟರ್ ಮಾತನ್ನು ನಂಬಲೇಬೇಡಿ. ಕಾರಿನ ತಗಡು ಸಿಗ್ನಲ್ ತಡೆಯುತ್ತದೆ. ಬಯಲು ರಸ್ತೆಯಲ್ಲಿ ಒಂದೆರಡು ಕಿಲೋಮೀಟರ್ ಸಿಕ್ಕರೆ ಸಾಕು ಅಂದುಕೊಳ್ಳಿ. ಒಟ್ಟಿಗೆ ಹೋಗುವ ಗುಂಪಿಗೆ ಅಷ್ಟು ಧಾರಾಳವಾಯ್ತು ಅಲ್ವಾ.

ಹಿಂದಿನ ರಾತ್ರಿ ಎಲ್ಲಾ ಸೆಟ್ ಪೂರ್ತಿ ಚಾರ್ಜ್ ಮಾಡಿ.

ಎರಡನೆಯದು, ಚಾನೆಲ್ ಮತ್ತು ಟೋನ್. ಎಲ್ಲರೂ ಒಂದೇ ಚಾನೆಲ್‌ನಲ್ಲಿದ್ದರೂ ಒಂದು ಸೆಟ್ ಮಾತ್ರ ಕಿವುಡಾಗಿ ಕೂತಿದ್ದರೆ ಹೆಚ್ಚಾಗಿ ಅದರ ಟೋನ್ ಬೇರೆ ಇರುತ್ತದೆ. ಟೋನ್ ಅಂದರೆ ಮಾತಿನ ಜೊತೆ ಸಣ್ಣಗೆ ಹೋಗುವ ಒಂದು ಗುರುತಿನ ದನಿ, ಅದು ಹೊಂದಿದರೆ ಮಾತ್ರ ಸ್ಪೀಕರ್ ತೆರೆಯುತ್ತದೆ. ಇದರಿಂದ ಬೇರೆ ಗುಂಪಿನ ಗಲಾಟೆ ನಿಮಗೆ ಕೇಳಿಸುವುದಿಲ್ಲ ಅಷ್ಟೇ. ನಿಮ್ಮ ಮಾತು ಗುಟ್ಟಾಗಿ ಉಳಿಯುವುದಿಲ್ಲ, ಅದೇ ಚಾನೆಲ್‌ನಲ್ಲಿ ಟೋನ್ ಆಫ್ ಮಾಡಿದ ಯಾರಿಗಾದರೂ ಕೇಳುತ್ತದೆ. ಬೇರೆ ಬೇರೆ ಕಂಪನಿಯ ಸೆಟ್ ಇದ್ದರೆ ಟೋನ್ ನಂಬರ್ ಒಂದೇ ಇದ್ದರೂ ಒಳಗಿನ ದನಿಯ ಹರ್ಟ್ಸ್ (ಕಂಪನದ ಲೆಕ್ಕ) ಬೇರೆ ಇರಬಹುದು. ನಾನಂತೂ ಎಲ್ಲಾ ಸೆಟ್‌ನಲ್ಲೂ ಟೋನ್ ಆಫ್ ಮಾಡಿಯೇ ಇಡಿ ಅನ್ನುತ್ತೇನೆ. ಕಲಬುರಗಿ ದಾಟುವ ಮೊದಲೇ ಕಾರುಗಳನ್ನು ದೂರ ದೂರ ನಿಲ್ಲಿಸಿ ಪ್ರತಿ ಸೆಟ್‌ನಿಂದಲೂ ಮಾತಾಡಿ ನೋಡಿ. ಪಕ್ಕಪಕ್ಕ ನಿಂತು ನೋಡಬೇಡಿ, ಕೀಚ್ ಎಂದು ಕೂಗುತ್ತದೆ, ಏನೂ ಗೊತ್ತಾಗುವುದಿಲ್ಲ.

ಈಗ ಮಾತಾಡುವುದು. ಜಾಸ್ತಿ ಜನ ಎಡವುವುದು ಇಲ್ಲೇ. ಇದು ಫೋನ್ ಅಲ್ಲ. ನೀವು ಗುಂಡಿ ಒತ್ತಿರುವಷ್ಟು ಹೊತ್ತು ನಿಮಗೆ ಏನೂ ಕೇಳಿಸುವುದಿಲ್ಲ, ಇಬ್ಬರು ಒಟ್ಟಿಗೆ ಒತ್ತಿದರೆ ಇಬ್ಬರ ಮಾತೂ ಹಾಳು. ಗುಂಡಿ ಒತ್ತಿದ ತಕ್ಷಣ ಬಾಯಿ ತೆರೆಯಬೇಡಿ. ಬ್ಯಾಟರಿ ಉಳಿಸಲು ಆ ಕಡೆಯ ಸೆಟ್ ಅರೆನಿದ್ದೆಯಲ್ಲಿರುತ್ತದೆ, ಎಚ್ಚರಾಗಲು ಅದಕ್ಕೆ ಸ್ವಲ್ಪ ಹೊತ್ತು ಬೇಕು, ಅಷ್ಟರಲ್ಲಿ ನಿಮ್ಮ ಮೊದಲ ಮಾತು ತಪ್ಪಿಹೋಗುತ್ತದೆ. ನೀವು ‘ಎಡಕ್ಕೆ ತಿರುಗಬೇಡಿ’ ಎಂದು ಅವಸರದಲ್ಲಿ ಹೇಳಿ ಕೊನೆಯ ಅಕ್ಷರ ಮುಗಿಯುವ ಮೊದಲೇ ಗುಂಡಿ ಬಿಟ್ಟರೆ, ಆ ಕಡೆ ‘ತಿರುಗಬೇ’ ಅಂತಲೋ ‘ತಿರುಗ’ ಅಂತಲೋ ಕೇಳಿ ಅವರು ತಿರುಗಿಯೇ ಬಿಡುತ್ತಾರೆ. ಹಾಗಾಗಿ ಒತ್ತಿ, ಒಂದು ಸೆಕೆಂಡ್ ತಡೆಯಿರಿ, ಮಾತಾಡಿ, ಮಾತು ಪೂರ್ತಿ ಮುಗಿದ ಮೇಲೆ ಬಿಡಿ. ಸೆಟ್ ಬಾಯಿಂದ ನಾಲ್ಕು ಬೆರಳು ದೂರ, ಆಂಟೆನಾ ನೆಟ್ಟಗೆ, ಕಿಟಕಿ ಹತ್ತಿರ. ಕೂಗಬೇಡಿ, ಕೂಗಿದರೆ ದನಿ ಒಡೆಯುತ್ತದೆ. ಕಿಟಕಿ ಏರಿಸಿ, ಹಾಡು ನಿಲ್ಲಿಸಿ.

ಮೊದಲು ಯಾರನ್ನು ಕರೆಯುತ್ತಿದ್ದೀರೋ ಅವರ ಹೆಸರು, ಆಮೇಲೆ ನಿಮ್ಮದು: ‘ಕೊನೆ ಗಾಡಿ, ಇದು ಮುಂದಿನ ಗಾಡಿ. ಎಡಗಡೆ ಕಬ್ಬಿನ ಟ್ರ್ಯಾಕ್ಟರ್, ಹಿಂದೆ ಲೈಟ್ ಇಲ್ಲ, ಓವರ್.’ ‘ಓವರ್’ ಅಂದರೆ ನನ್ನ ಮಾತು ಮುಗಿಯಿತು, ಈಗ ನೀವು ಹೇಳಿ ಎಂದು. ಕೇಳಿದವರು ‘ಸರಿ, ಕಬ್ಬಿನ ಟ್ರ್ಯಾಕ್ಟರ್’ ಎಂದು ತಿರುಗಿ ಹೇಳಬೇಕು. ಬರೀ ‘ಹೂಂ’ ಸಾಲದು. ಅಪಾಯ ಇದೆ ಎಂದು ಹೇಳಿ, ಆದರೆ ‘ರೋಡ್ ಖಾಲಿ ಇದೆ, ಓವರ್‌ಟೇಕ್ ಮಾಡಿ ಬನ್ನಿ’ ಎಂದು ಯಾವತ್ತೂ ಹೇಳಬೇಡಿ. ನಿಮ್ಮ ಕಣ್ಣಿಗೆ ಖಾಲಿ ಕಂಡ ರಸ್ತೆ ಹಿಂದಿನವರು ಬರುವಷ್ಟರಲ್ಲಿ ಖಾಲಿ ಇರುವುದಿಲ್ಲ. ಮಾತಾಡಿದರೆ ತಾನೇ ಆನ್ ಆಗುವ ವಾಕ್ಸ್ ಅನ್ನೋದನ್ನು ಆಫ್ ಮಾಡಿ, ಮಕ್ಕಳ ಗಲಾಟೆಗೂ ಅದು ಆನ್ ಆಗುತ್ತದೆ. ಎಲ್ಲರೂ ಸುಮ್ನಾಗಿ ಬರೀ ಸದ್ದು ಬರುತ್ತಿದೆಯಾ? ಯಾರದೋ ಸೆಟ್ ಸೀಟಿನ ಸಂದಿಯಲ್ಲಿ ಬಿದ್ದು ಗುಂಡಿ ಒತ್ತಿಕೊಂಡಿದೆ, ಹುಡುಕಿಸಿ.

ಸೆಟ್ ಪಕ್ಕದ ಸೀಟಿನವರ ಕೈಯಲ್ಲಿರಲಿ. ಗಾಡಿ ಓಡಿಸುತ್ತಾ ಕೈಯಲ್ಲಿ ಹಿಡಿದು ಮಾತಾಡುವುದಕ್ಕೆ ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಅನ್ವಯವಾಗುತ್ತದೆ, ದಂಡ 1,000 ರೂಪಾಯಿಯಿಂದ ಶುರು. ದಾರಿ ಗೊತ್ತಿದ್ದವರು ಮುಂದೆ, ಚೆನ್ನಾಗಿ ಓಡಿಸುವವರು ಕೊನೆಗೆ. ಚಿಂಚೋಳಿ ಕಾಡಿನ ಕಡೆ ಗುಡ್ಡ ಅಡ್ಡ ಬಂದು ಮುಂದಿನವರಿಗೂ ಕೊನೆಯವರಿಗೂ ಸಂಪರ್ಕ ತಪ್ಪಿದರೆ ನಡುವಿನ ಗಾಡಿಯವರು ಕೇಳಿದ್ದನ್ನು ಹಾಗೇ ದಾಟಿಸಲಿ.

ಬೇಸಿಗೆಯಲ್ಲಿ ಸೆಟ್ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಇಳಿಯಬೇಡಿ, ನಮ್ಮ ಬಿಸಿಲಿಗೆ ಬ್ಯಾಟರಿ ಉಬ್ಬುತ್ತದೆ. ಬೀದರ್‌ನಲ್ಲಿ ವಾಯುಪಡೆಯ ನೆಲೆ ಇದೆ. ಅದರ ಆಸುಪಾಸಿನಲ್ಲಿ ಸೆಟ್ ಹಿಡಿದು ಓಡಾಡಬೇಡಿ, ಊರು ಸೇರಿದ ಮೇಲೆ ಎಲ್ಲವನ್ನೂ ಆಫ್ ಮಾಡಿ ಚೀಲದಲ್ಲಿಡಿ.